ಐಪಿ ಹಂಚುತ್ತಿದ್ದ ಕಾಲ

ಶಿವಮೊಗ್ಗದ ಯಾವ ಕಾಲೇಜಿನ ಗೇಟು ದಾಟಿದರೂ ಇವತ್ತು ವಿದ್ಯಾರ್ಥಿಯ ಜೇಬಿನಲ್ಲಿರುವ ಮೊಬೈಲು ತಾನಾಗಿಯೇ ವೈಫೈ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿಯಲು ಅದಕ್ಕೊಂದು ಐಪಿ ವಿಳಾಸ ಬೇಕು. ಆ ವಿಳಾಸವನ್ನು ಎಲ್ಲೋ ಮೂಲೆಯಲ್ಲಿರುವ ಸರ್ವರ್ ಕೊಡುತ್ತದೆ, ಹುಡುಗ ಮನೆಗೆ ಹೋದ ಮೇಲೆ ವಾಪಸ್ ಪಡೆದು ಇನ್ನೊಬ್ಬರಿಗೆ ಕೊಡುತ್ತದೆ. ಇದೆಲ್ಲ ಅವನಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಇಪ್ಪತ್ತೈದು ವರ್ಷದ ಹಿಂದೆ ಇದೇ ಊರಿನಲ್ಲಿ ಆ ವಿಳಾಸ ಕೊಡುತ್ತಿದ್ದವರು ನಾವು. ಒಂದೊಂದು ಕಂಪ್ಯೂಟರಿನ ಮುಂದೆ ಕೂತು ಅಂಕಿಗಳನ್ನು ಟೈಪ್ ಮಾಡಿ, ಕೊಟ್ಟದ್ದನ್ನು ರಿಜಿಸ್ಟರಿನಲ್ಲಿ ಬರೆದು ಬರುತ್ತಿದ್ದೆವು. ಆ ಕೆಲಸ ನಮ್ಮ ಕೈ ಬಿಟ್ಟು ಯಂತ್ರಕ್ಕೆ ಹೋದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನಾನು ಬೆಳೆದದ್ದು ಭದ್ರಾವತಿಯ ನ್ಯೂಟೌನ್‌ನಲ್ಲಿ. ನಮ್ಮೂರಿಗೆ ಕಾರ್ಖಾನೆಯೇ ಗಡಿಯಾರ. ಸೈರನ್ ಕೂಗಿದರೆ ಶಿಫ್ಟು, ಶಿಫ್ಟು ಬಿಟ್ಟರೆ ಬಿ.ಎಚ್. ರಸ್ತೆಯ ತುಂಬ ಸೈಕಲ್ಲು. 1923ರಲ್ಲಿ ಕಬ್ಬಿಣ ಇಳಿಸಲು ಶುರುಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆ ನನ್ನ ಕಾಲಕ್ಕೆ ವಿಐಎಸ್‌ಎಲ್ ಆಗಿತ್ತು. ಆಚೆ ಪೇಪರ್ ಟೌನ್‌ನಲ್ಲಿ 1936ರ ಕಾಗದದ ಕಾರ್ಖಾನೆ ಎಂಪಿಎಂ. ಈ ಎರಡು ಕಾರ್ಖಾನೆಗಳು ಊರಿಗೆ ಸಂಬಳದ ಜೊತೆ ಒಂದು ಅಭ್ಯಾಸವನ್ನೂ ಕೊಟ್ಟಿದ್ದವು. ಅಲ್ಲಿ ಕೆಲಸ ಮಾಡಿದ ಎಲೆಕ್ಟ್ರೀಷಿಯನ್ನುಗಳು ತಂತಿಯ ಎರಡೂ ತುದಿಗೆ ನಂಬರ್ ಕಟ್ಟದೆ ಪ್ಯಾನೆಲ್ ಮುಚ್ಚುತ್ತಿರಲಿಲ್ಲ. ನನಗೆ ಮೊದಲು ಕೇಬಲ್ ಎಳೆಯುವುದನ್ನು ಹೇಳಿಕೊಟ್ಟವರು ಅಂಥ ಒಬ್ಬ ನಿವೃತ್ತ ಎಲೆಕ್ಟ್ರೀಷಿಯನ್. ಕಂಪ್ಯೂಟರ್ ಅವರಿಗೆ ಗೊತ್ತಿರಲಿಲ್ಲ. ಆದರೆ "ನೋಡು ಮಾರಾಯ, ನಾಳೆ ಇದನ್ನ ಬಿಚ್ಚೋನು ನೀನಲ್ಲ, ಇನ್ಯಾರೋ. ಅವನಿಗೆ ಅಂತ ಬರೆದಿಡು" ಎನ್ನುತ್ತಿದ್ದರು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದರ ಬಹುಪಾಲು ಆ ಮಾತಿನಲ್ಲೇ ಇದೆ.

ಆಗ ಈ ವ್ಯಾಪಾರವೆಲ್ಲ ಶಿವಮೊಗ್ಗದ ನೆಹರೂ ರಸ್ತೆ, ದುರ್ಗಿಗುಡಿಯ ಸುತ್ತ ಇತ್ತು. ಅಂಗಡಿಯ ಮುಂಭಾಗದಲ್ಲಿ ಅಸೆಂಬಲ್ ಮಾಡಿದ ಕಂಪ್ಯೂಟರ್, ಹಿಂದೆ ಬಿಚ್ಚಿಟ್ಟ ಮದರ್‌ಬೋರ್ಡುಗಳು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಬಂದರೆ ಬೆಳಿಗ್ಗೆ ಅದನ್ನು ಹೊತ್ತುಕೊಂಡು ಬಂದು ಕೆಲಸ ಶುರು. ಹಳೆಯ ಲ್ಯಾಬುಗಳಲ್ಲಿ ಇನ್ನೂ ಟಿವಿ ಕೇಬಲ್ಲಿನಂಥ ಕಪ್ಪು ಕೋಆಕ್ಸಿಯಲ್ ವೈರು ಓಡುತ್ತಿತ್ತು. ಪ್ರತಿ ಕಂಪ್ಯೂಟರಿನ ಬೆನ್ನಿಗೆ ಟಿ ಆಕಾರದ ಕನೆಕ್ಟರ್, ಸಾಲಿನ ಎರಡು ಕೊನೆಗೆ 50 ಓಮಿನ ಟರ್ಮಿನೇಟರ್. ನಡುವೆ ಯಾರದೋ ಕಾಲು ತಾಗಿ ಒಂದು ಕನೆಕ್ಟರ್ ಸಡಿಲವಾದರೆ ಇಡೀ ಸಾಲು ಸತ್ತಂತೆ. ಆಮೇಲೆ ಹಬ್ ಬಂತು, ಕ್ಯಾಟ್-5 ಕೇಬಲ್ ಬಂತು, ಕ್ರಿಂಪಿಂಗ್ ಟೂಲ್ ಬಂತು. ಎಂಟು ತಂತಿಯ ಬಣ್ಣದ ಕ್ರಮವನ್ನು ಕಣ್ಣು ಮುಚ್ಚಿಕೊಂಡು ಜೋಡಿಸುವವನೇ ನೆಟ್‌ವರ್ಕಿಂಗ್ ಬಲ್ಲವನು ಎಂದು ಊರು ನಂಬಿದ್ದ ಕಾಲ ಅದು.

ಕೇಬಲ್ ಎಳೆದ ಮೇಲೆ ಐಪಿ ಕೊಡುವ ಕೆಲಸ. ವಿಂಡೋಸ್ 98ರಲ್ಲಿ ಅದನ್ನು ಮಾಡಿದವರಿಗೆ ಆ ತಾಳ್ಮೆಯ ಪರೀಕ್ಷೆ ಮರೆತಿರಲಿಕ್ಕಿಲ್ಲ. ಕಂಟ್ರೋಲ್ ಪ್ಯಾನೆಲ್ ತೆರೆದು, ನೆಟ್‌ವರ್ಕ್ ಒತ್ತಿ, ಟಿಸಿಪಿ-ಐಪಿ ಹುಡುಕಿ, 192.168.1.17 ಎಂದು ಒತ್ತಿ, ಕೆಳಗೆ 255.255.255.0 ಎಂದು ಮಾಸ್ಕ್ ಹಾಕಿ ಓಕೆ ಕೊಟ್ಟರೆ ಅದು ವಿಂಡೋಸ್ ಸಿಡಿ ಕೇಳುತ್ತಿತ್ತು. ಸಿಡಿ ಹಾಕಿದರೆ ಒಂದಷ್ಟು ಹೊತ್ತು ಗುರುಗುಟ್ಟಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಲೇ ಎನ್ನುತ್ತಿತ್ತು. ಒಂದು ಅಂಕಿ ಬದಲಾಯಿಸಲು ಇಷ್ಟು. ಮೂವತ್ತು ಕಂಪ್ಯೂಟರಿನ ಲ್ಯಾಬ್ ಮುಗಿಸುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ದಾಟಿರುತ್ತಿತ್ತು.

ಹಾಗೆ ಕೊಟ್ಟ ಅಂಕಿಯನ್ನು ಬರೆದಿಡುವ ಜಾಗವೇ ಐಪಿ ರಿಜಿಸ್ಟರ್. ಉದ್ದನೆಯ ಲೆಡ್ಜರಿನಲ್ಲಿ ಕೆಂಪು ಪೆನ್ನಿನಿಂದ ಗೆರೆ ಹೊಡೆದು ಕ್ರಮಸಂಖ್ಯೆ, ಕೊಠಡಿ, ಕಂಪ್ಯೂಟರಿನ ಹೆಸರು, ಐಪಿ, ಷರಾ ಎಂದು ಕಾಲಂ ಮಾಡುತ್ತಿದ್ದೆವು. ಯಾರಾದರೂ ರಿಜಿಸ್ಟರ್ ನೋಡದೆ ಇನ್ನೊಂದು ಕಂಪ್ಯೂಟರಿಗೆ ಅದೇ ಅಂಕಿ ಹಾಕಿದರೆ ಪರದೆಯ ಮೇಲೆ ಐಪಿ ಕಾನ್‌ಫ್ಲಿಕ್ಟ್ ಎಂಬ ಪೆಟ್ಟಿಗೆ ಹಾರಿ ಬರುತ್ತಿತ್ತು. ಅದರಲ್ಲಿ ಎದುರಾಳಿ ಕಂಪ್ಯೂಟರಿನ ಹಾರ್ಡ್‌ವೇರ್ ವಿಳಾಸವೂ ಇರುತ್ತಿತ್ತು. ಅದನ್ನು ಚೀಟಿಯಲ್ಲಿ ಬರೆದುಕೊಂಡು ಕೊಠಡಿ ಕೊಠಡಿ ಅಲೆದು ಯಾವ ಯಂತ್ರ ಎಂದು ಹುಡುಕಬೇಕು. ಅಕೌಂಟ್ಸ್ ವಿಭಾಗದ ಕಂಪ್ಯೂಟರಿಗೂ ಪ್ರಿನ್ಸಿಪಾಲರ ಕೊಠಡಿಯ ಕಂಪ್ಯೂಟರಿಗೂ ಹೀಗೆ ಜಗಳ ಹತ್ತಿದರೆ ಸಂಬಳದ ಬಿಲ್ಲು ನಿಲ್ಲುತ್ತಿತ್ತು, ಬೈಗುಳ ನಮಗೆ ಬರುತ್ತಿತ್ತು.

2001ರ ಹೊತ್ತಿಗೆ ಊರಿನಲ್ಲಿ ಕಂಪ್ಯೂಟರಿನ ಅರ್ಥವೇ ಬದಲಾಯಿತು. ಕೈಬರಹದ ಪಹಣಿ ಹೋಗಿ ಭೂಮಿ ಯೋಜನೆಯ ಪಹಣಿ ಬಂತು. ತಾಲೂಕು ಕಚೇರಿಯ ಕಿಟಕಿಯ ಮುಂದೆ ಸೊರಬ, ಶಿಕಾರಿಪುರದ ರೈತರೂ ಕಂಪ್ಯೂಟರ್ ಪ್ರಿಂಟಿಗಾಗಿ ಸಾಲು ನಿಂತರು. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು 1998ರಲ್ಲಿ ಶುರುವಾದ ಮೇಲೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಲ್ಯಾಬುಗಳ ಸಂಖ್ಯೆ ಏರಿತು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಂಥ ಕಡೆ ಒಂದೊಂದು ವಿಭಾಗಕ್ಕೆ ಒಂದೊಂದು ಕಟ್ಟಡ, ಕಟ್ಟಡಗಳ ನಡುವೆ ಮರಗಿಡ. ಒಂದು ಕೊಠಡಿಯ ಮಟ್ಟಿಗಿದ್ದ ನೆಟ್‌ವರ್ಕು ಅಂಗಳ ದಾಟಬೇಕಾದ ಕಾಲ ಬಂತು.

ಅಂಗಳ ದಾಟಿದ ಕೂಡಲೇ ಎರಡು ತೊಂದರೆ. ಮೊದಲನೆಯದು, 192.168.1 ಎಂಬ ಒಂದು ಸಾಲಿನಲ್ಲಿ ಕಂಪ್ಯೂಟರುಗಳಿಗೆ ಸಿಗುವುದು 254 ಅಂಕಿ ಮಾತ್ರ. ಎರಡನೆಯದು, ಒಂದೇ ಸಾಲಿನಲ್ಲಿರುವ ಯಂತ್ರಗಳೆಲ್ಲ ಒಂದರ ಕೂಗು ಇನ್ನೊಂದು ಕೇಳುತ್ತಲೇ ಇರಬೇಕು. ನೂರಾರು ಯಂತ್ರಗಳು ಒಟ್ಟಿಗೆ ಕೂಗಿಕೊಂಡರೆ ಕೆಲಸ ನಿಧಾನ. ಅದೂ ಅಲ್ಲದೆ ವಿದ್ಯಾರ್ಥಿಗಳ ಲ್ಯಾಬಿನಿಂದ ಆಫೀಸಿನ ಲೆಕ್ಕಪತ್ರ ಕಾಣಬಾರದು. ಹಾಗಾಗಿ ನೆಟ್‌ವರ್ಕನ್ನು ತುಂಡು ಮಾಡಲು ಶುರುಮಾಡಿದೆವು. ಆಫೀಸಿಗೆ 192.168.10, ಲ್ಯಾಬಿಗೆ 192.168.20, ಲೈಬ್ರರಿಗೆ 192.168.30. ಒಂದೊಂದು ತುಂಡೂ ಒಂದು ಸಬ್‌ನೆಟ್. ಅವುಗಳ ನಡುವೆ ಓಡಾಟ ಬೇಕಾದರೆ ಮಧ್ಯೆ ರೌಟರ್. ರಿಜಿಸ್ಟರಿನಲ್ಲಿ ಈಗ ಸಬ್‌ನೆಟ್ಟಿಗೊಂದು ಅಧ್ಯಾಯ. ಲ್ಯಾಬಿನ ಕಂಪ್ಯೂಟರನ್ನು ಲೈಬ್ರರಿಗೆ ಎತ್ತಿಟ್ಟರೆ ಒಂದು ಅಧ್ಯಾಯದಲ್ಲಿ ಹೊಡೆದು ಇನ್ನೊಂದರಲ್ಲಿ ಬರೆಯಬೇಕು. ಬರೆಯುವವರು ಕಡಿಮೆಯಾದರು, ಎತ್ತಿಡುವವರು ಹೆಚ್ಚಾದರು.

ಡಿಎಚ್‌ಸಿಪಿ ಎಂಬ, ವಿಳಾಸವನ್ನು ತಾನಾಗಿಯೇ ಹಂಚುವ ಪದ್ಧತಿ ನಮ್ಮ ಕಡೆ ಕಾಲಿಟ್ಟದ್ದು ಈ ಗೋಜಲಿನ ನಡುವೆ. ಆ ವೇಳೆಗೆ ಅದು ಹೊಸತೇನೂ ಆಗಿರಲಿಲ್ಲ. ಡಿಸ್ಕ್ ಇಲ್ಲದ ಯಂತ್ರಗಳಿಗೆ ವಿಳಾಸ ಕೊಡಲು 1985ರಲ್ಲಿ ಬೂಟ್‌ಪಿ ಎಂಬ ಪದ್ಧತಿ ಬಂದಿತ್ತು. ಅದರ ಮೇಲೆ ಕಟ್ಟಿದ ಡಿಎಚ್‌ಸಿಪಿಯ ಮೊದಲ ಮಾನದಂಡ 1993ರಲ್ಲಿ ಹೊರಬಂತು, ಇವತ್ತಿಗೂ ಆಧಾರವಾಗಿರುವ ರೂಪ 1997ರದ್ದು. ಬರೆದವರು ಅಮೆರಿಕದ ಬಕ್‌ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್. ವಿಂಡೋಸ್ 95ರಲ್ಲೇ ವಿಳಾಸ ಕೇಳಿ ಪಡೆಯುವ ಸೌಲಭ್ಯವಿತ್ತು. ಕೊಡುವ ಸರ್ವರ್ ನಮ್ಮಲ್ಲಿರಲಿಲ್ಲ, ಅಷ್ಟೆ. ಲಿನಕ್ಸ್ ಸಿಡಿಗಳು ಕಂಪ್ಯೂಟರ್ ಪತ್ರಿಕೆಗಳ ಜೊತೆ ಉಚಿತವಾಗಿ ಬರತೊಡಗಿದ ಮೇಲೆ ಹಳೆಯ ಪೆಂಟಿಯಂ ಯಂತ್ರವೊಂದಕ್ಕೆ ಲಿನಕ್ಸ್ ಹಾಕಿ ಅದನ್ನೇ ಡಿಎಚ್‌ಸಿಪಿ ಸರ್ವರ್ ಮಾಡುವ ಧೈರ್ಯ ಬಂತು.

ಭದ್ರಾವತಿಯವರಿಗೆ ಡಿಎಚ್‌ಸಿಪಿ ವಿವರಿಸುವುದು ಸುಲಭ. ಅದು ಕಾರ್ಖಾನೆಯ ಕ್ವಾರ್ಟರ್ಸ್ ಇದ್ದ ಹಾಗೆ. ಕೆಲಸದಲ್ಲಿರುವಷ್ಟು ದಿನ ಮನೆ ನಿಮ್ಮದು, ಆಗಾಗ ಮುಂದುವರಿಸಿಕೊಳ್ಳಬಹುದು, ಅವಧಿ ಮುಗಿದರೆ ಬೀಗದ ಕೈ ವಾಪಸ್, ಮನೆ ಇನ್ನೊಬ್ಬರ ಪಾಲು. ಈ ಅವಧಿಗೆ ಲೀಸ್ ಎನ್ನುತ್ತಾರೆ. ಕಂಪ್ಯೂಟರ್ ಆನ್ ಆದ ಕೂಡಲೇ "ಯಾರಾದರೂ ವಿಳಾಸ ಕೊಡುವವರಿದ್ದೀರಾ" ಎಂದು ತನ್ನ ಸಬ್‌ನೆಟ್ಟಿಗೆಲ್ಲ ಕೇಳುವಂತೆ ಕೂಗುತ್ತದೆ. ಸರ್ವರ್ ಒಂದು ಅಂಕಿ ಮುಂದಿಡುತ್ತದೆ, ಕಂಪ್ಯೂಟರ್ ಅದೇ ಬೇಕು ಎನ್ನುತ್ತದೆ, ಸರ್ವರ್ ಆಗಲಿ ಎಂದು ಮುದ್ರೆ ಒತ್ತುತ್ತದೆ. ನಾಲ್ಕು ಮಾತಿನಲ್ಲಿ ವ್ಯವಹಾರ ಮುಗಿಯಿತು. ಲೀಸಿನ ಅರ್ಧ ಕಳೆದಾಗ ಕಂಪ್ಯೂಟರೇ ಹೋಗಿ ಮುಂದುವರಿಸಿ ಎಂದು ಕೇಳಿಕೊಳ್ಳುತ್ತದೆ. ಸಿಡಿ ಬೇಡ, ರೀಸ್ಟಾರ್ಟ್ ಬೇಡ.

ಒಂದೇ ಸಬ್‌ನೆಟ್ ಇದ್ದ ಕಡೆ ಇದು ಹಬ್ಬದಂತೆ ನಡೆಯಿತು. ಎರಡನೆಯ ಕಟ್ಟಡಕ್ಕೆ ಹೋದಾಗ ನಿಂತಿತು. ಕಾರಣ ಸರಳ. ಕಂಪ್ಯೂಟರಿನ ಆ ಮೊದಲ ಕೂಗು ತನ್ನ ಸಬ್‌ನೆಟ್ ಬಿಟ್ಟು ಹೊರಗೆ ಹೋಗುವುದಿಲ್ಲ. ರೌಟರ್ ಅದನ್ನು ಬಾಗಿಲಲ್ಲೇ ತಡೆಯುತ್ತದೆ, ತಡೆಯಲೆಂದೇ ರೌಟರ್ ಇಟ್ಟದ್ದು. ಸರ್ವರ್ ಇರುವುದು ಆಫೀಸಿನ ಸಬ್‌ನೆಟ್ಟಿನಲ್ಲಿ, ಲ್ಯಾಬಿನ ಕೂಗು ಅಲ್ಲಿಗೆ ಕೇಳಿಸದು. ಆರಂಭದಲ್ಲಿ ಊರಿನ ತುಂಬ ನಡೆದ ಪರಿಹಾರ ಕಟ್ಟಡಕ್ಕೊಂದು ಸರ್ವರ್. ಗುಜರಿಗೆ ಹೋಗಬೇಕಿದ್ದ ಯಂತ್ರಗಳೆಲ್ಲ ಒಂದೊಂದು ಕಟ್ಟಡದ ಮೆಟ್ಟಿಲ ಕೆಳಗೆ ಸರ್ವರ್ ಎಂಬ ಗೌರವ ಪಡೆದವು. ಕರೆಂಟ್ ಹೋಗಿ ಬಂದಾಗ ಅವುಗಳಲ್ಲಿ ಒಂದು ಏಳುತ್ತಿತ್ತು, ಇನ್ನೊಂದು ಏಳುತ್ತಿರಲಿಲ್ಲ.

ಇದಕ್ಕೆ ಸರಿಯಾದ ದಾರಿ ರಿಲೇ. ಅದು ಬೂಟ್‌ಪಿ ಕಾಲದಿಂದಲೂ ಇತ್ತು, ನಮ್ಮ ಕೈಗೆ ಸಿಕ್ಕಿದ್ದು ರೌಟಿಂಗ್ ಮಾಡಬಲ್ಲ ಸ್ವಿಚ್ಚುಗಳು ಬಂದ ಮೇಲೆ. ಲ್ಯಾಬಿನ ಸಬ್‌ನೆಟ್ಟಿನ ಬಾಗಿಲಲ್ಲಿರುವ ಸ್ವಿಚ್ಚಿಗೆ ಸರ್ವರಿನ ವಿಳಾಸ ಹೇಳಿಕೊಟ್ಟರೆ ಸಾಕು. ಸಿಸ್ಕೋ ಸ್ವಿಚ್ಚಿನಲ್ಲಿ ಅದಕ್ಕೆ ಐಪಿ ಹೆಲ್ಪರ್-ಅಡ್ರೆಸ್ ಎಂಬ ಒಂದೇ ಸಾಲು. ಕೂಗು ಬಂದ ಕೂಡಲೇ ಸ್ವಿಚ್ಚು ಅದನ್ನು ಹಿಡಿದು, ಆ ಸಂದೇಶದಲ್ಲಿ ಇದಕ್ಕೆಂದೇ ಖಾಲಿ ಬಿಟ್ಟಿರುವ ಜಾಗದಲ್ಲಿ ತನ್ನ ವಿಳಾಸ, ಎಂದರೆ 192.168.20.1, ಬರೆದು ನೇರವಾಗಿ ಸರ್ವರಿಗೆ ಕಳಿಸುತ್ತದೆ. ಸರ್ವರ್ ಆ ಜಾಗವನ್ನು ಓದುತ್ತದೆ. 20ರ ಸಾಲಿನಿಂದ ಬಂದಿದೆ ಎಂದಾದರೆ 20ರ ಪೂಲಿನಿಂದ, ಎಂದರೆ ಆ ಸಾಲಿಗೆಂದು ತೆಗೆದಿಟ್ಟ ಅಂಕಿಗಳಿಂದ, ಒಂದನ್ನು ತೆಗೆಯುತ್ತದೆ. 30 ಎಂದಿದ್ದರೆ 30ರ ಪೂಲಿನಿಂದ. ಸರ್ವರ್ ತಾನೇ 10ರಲ್ಲಿ ಕೂತಿದ್ದರೂ ಬೇರೆ ಊರಿನ ವಿಳಾಸ ಕೊಡಬಲ್ಲದ್ದು ಆ ಒಂದು ಬರಹದ ಬಲದಿಂದ.

ಸರ್ವರಿನ ಫೈಲಿನಲ್ಲಿ ಬರೆಯಬೇಕಾದದ್ದೂ ಹೆಚ್ಚಿಲ್ಲ. ಸಬ್‌ನೆಟ್ 192.168.20.0, ಮಾಸ್ಕ್ 255.255.255.0 ಎಂದು ಬರೆದು ಆವರಣ ತೆರೆಯಬೇಕು. ಒಳಗೆ ರೇಂಜ್ 192.168.20.51ರಿಂದ 192.168.20.200ರವರೆಗೆ, ಗೇಟ್‌ವೇ 192.168.20.1, ಡಿಎನ್‌ಎಸ್ ಇಂಥದ್ದು. ಪ್ರತಿ ಸಾಲಿನ ಕೊನೆಗೆ ಅರ್ಧವಿರಾಮ, ಆಮೇಲೆ ಆವರಣ ಮುಚ್ಚುವುದು. ಹೀಗೆ ಸಬ್‌ನೆಟ್ಟಿಗೊಂದು. 50ರವರೆಗಿನ ಅಂಕಿ ಬಿಟ್ಟದ್ದು ಪ್ರಿಂಟರ್, ಬಯೋಮೆಟ್ರಿಕ್ ಯಂತ್ರಗಳಂಥ ಅಲುಗಾಡಬಾರದ ಸಾಮಾನುಗಳಿಗೆ. ಇದರಲ್ಲಿ ಹೊಸಬರೆಲ್ಲ ಎಡವುವ ಜಾಗ ಒಂದಿದೆ. ಸರ್ವರ್ ಕೂತಿರುವ ಸಬ್‌ನೆಟ್ಟಿನಲ್ಲಿ ಒಂದು ವಿಳಾಸವನ್ನೂ ಹಂಚುವುದಿಲ್ಲ ಎಂದು ಅದನ್ನು ಫೈಲಿನಿಂದಲೇ ಕೈಬಿಡುತ್ತಾರೆ. ಆಗ ಸರ್ವರ್ ಏಳುವುದೇ ಇಲ್ಲ. ಕಿವಿಗೊಡಲು ತನಗೆ ಯಾವ ಬಾಗಿಲೂ ಹೇಳಿಲ್ಲ ಎಂದು ದೂರಿ ಮಲಗಿಬಿಡುತ್ತದೆ. ಒಳಗೆ ಏನೂ ಬರೆಯದೆ ಖಾಲಿ ಆವರಣವನ್ನಾದರೂ ಅದರ ಹೆಸರಿಗೆ ಇಡಬೇಕು.

ರಿಲೇಯ ಇನ್ನೊಂದು ಕಿತಾಪತಿಯನ್ನು ಒಂದು ಖಾಸಗಿ ಕಾಲೇಜಿನಲ್ಲಿ ನೋಡಿದೆ. ಬೇರೆ ಯಾರೋ ಮಾಡಿಹೋಗಿದ್ದ ನೆಟ್‌ವರ್ಕು. ಆಫೀಸಿಗೆ ಐಪಿ ಬರುತ್ತಿತ್ತು, ಲ್ಯಾಬಿಗೆ ಬರುತ್ತಿರಲಿಲ್ಲ. ಸ್ವಿಚ್ಚಿನಲ್ಲಿ ರಿಲೇ ಸಾಲು ಇತ್ತು, ಸರ್ವರಿನಲ್ಲಿ 20ರ ಪೂಲ್ ಇತ್ತು. ಸರ್ವರಿನ ಮುಂದೆ ಕೂತು, ಕಾಲೇಜಿನ ಕಡೆಯ ನೆಟ್‌ವರ್ಕ್ ಕಾರ್ಡಿನಲ್ಲಿ ಓಡಾಡುವ ಸಂದೇಶಗಳನ್ನು ತೋರಿಸುವಂತೆ ಟಿಸಿಪಿಡಂಪ್ ಓಡಿಸಿದೆ. ಲ್ಯಾಬಿನಲ್ಲಿ ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಪರದೆಯ ಮೇಲೆ ಕೂಗು ಬಂದು ಬೀಳುತ್ತಿತ್ತು, 192.168.20.1 ಎಂಬ ಮುದ್ರೆಯ ಸಮೇತ. ಅದಕ್ಕೆ ಉತ್ತರ ಮಾತ್ರ ಆ ಕಾರ್ಡಿನಿಂದ ಹೊರಡುತ್ತಿರಲಿಲ್ಲ. ಆ ಸರ್ವರಿಗೆ ಎರಡು ನೆಟ್‌ವರ್ಕ್ ಕಾರ್ಡ್, ಒಂದು ಕಾಲೇಜಿನ ಕಡೆಗೆ, ಇನ್ನೊಂದು ಇಂಟರ್ನೆಟ್ ಲೈನಿನ ಕಡೆಗೆ. ಗೊತ್ತಿಲ್ಲದ ವಿಳಾಸಗಳೆಲ್ಲ ಇಂಟರ್ನೆಟ್ ಕಡೆಗೆ ಹೋಗಲಿ ಎಂದು ಹೇಳಿಟ್ಟಿದ್ದರು. ಸರ್ವರಿಗೆ 192.168.20 ಗೊತ್ತಿರಲಿಲ್ಲ. ಅದು ಪ್ರಾಮಾಣಿಕವಾಗಿ ವಿಳಾಸ ಆರಿಸಿ, ಉತ್ತರ ಬರೆದು, ಆ ಉತ್ತರವನ್ನು ಊರಾಚೆಗೆ ಎಸೆಯುತ್ತಿತ್ತು. 192.168ರ ಸಾಲುಗಳೆಲ್ಲ ಕಾಲೇಜಿನ ಸ್ವಿಚ್ಚಿನ ಕಡೆಗೇ ಎಂದು ಒಂದು ರೂಟ್ ಸೇರಿಸಿದ ಕೂಡಲೇ ಲ್ಯಾಬಿನ ಅಟೆಂಡರ್ ಮೇಲಿನಿಂದ ಕೂಗಿದರು: "ಸಾರ್, ಬಂತು! ಎಲ್ಲದಕ್ಕೂ ಬಂತು!" ರಿಲೇ ಕೆಟ್ಟಿದೆ ಎಂದು ಯಾರಾದರೂ ಫೋನ್ ಮಾಡಿದರೆ ಇವತ್ತಿಗೂ ನಾನು ಮೊದಲು ಕೇಳುವುದು ಸರ್ವರಿನಿಂದ ವಾಪಸ್ ಹೋಗುವ ದಾರಿಯ ಬಗ್ಗೆ.

ಮಲೆನಾಡಿನಲ್ಲಿ ಈ ವೃತ್ತಿಗೆ ಇನ್ನೊಂದು ಶತ್ರು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ಕಟ್ಟಡದಿಂದ ಕಟ್ಟಡಕ್ಕೆ ಎಳೆದ ತಾಮ್ರದ ಕೇಬಲ್ ಎಂದರೆ ಸಿಡಿಲಿಗೆ ಹಾಸಿದ ದಾರಿ. ಮರುದಿನ ಬೆಳಿಗ್ಗೆ ಸ್ವಿಚ್ಚಿನ ಅರ್ಧ ಪೋರ್ಟುಗಳು ಸುಟ್ಟಿರುತ್ತಿದ್ದವು. ತಾಮ್ರಕ್ಕೆ 100 ಮೀಟರಿನ ಮಿತಿಯೂ ಇದೆ. ಎರಡೂ ಕಾರಣಕ್ಕೆ ಕಟ್ಟಡಗಳ ನಡುವೆ ಆಪ್ಟಿಕಲ್ ಫೈಬರ್ ಬಂತು. ಫೈಬರ್ ಬಂದ ಮೇಲೆ ಕಾಲೇಜಿಗೆಲ್ಲ ಒಂದೇ ದೊಡ್ಡ ಸ್ವಿಚ್ಚು, ಒಂದೇ ಸರ್ವರ್, ಎಲ್ಲ ಸಬ್‌ನೆಟ್ಟುಗಳಿಗೂ ರಿಲೇ ಎಂಬ ವಿನ್ಯಾಸ ನಿಂತಿತು. ಮೆಟ್ಟಿಲ ಕೆಳಗಿನ ಪೆಂಟಿಯಂಗಳು ಕೊನೆಗೂ ಗುಜರಿಗೆ ಹೋದವು. ವಿಎಲ್ಯಾನ್ ಬಂದು ಒಂದೇ ಸ್ವಿಚ್ಚಿನ ಒಂದು ಪೋರ್ಟು ಆಫೀಸಿಗೆ, ಪಕ್ಕದ್ದು ಲ್ಯಾಬಿಗೆ ಎಂದು ಹಂಚುವುದೂ ಸಾಧ್ಯವಾಯಿತು.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ತನ್ನ ಬ್ರಾಡ್‌ಬ್ಯಾಂಡ್ ಶುರುಮಾಡಿತು. ಮನೆಮನೆಗೆ ಮೋಡೆಮ್ ಬಂತು. ಆ ಪುಟ್ಟ ಮೋಡೆಮ್ಮಿನೊಳಗೂ ಒಂದು ಡಿಎಚ್‌ಸಿಪಿ ಸರ್ವರ್ ಕೂತಿರುತ್ತದೆ ಎಂಬುದು ಕೊಂಡವರಿಗೆ ಗೊತ್ತಿರಲಿಲ್ಲ. ಆಮೇಲೆ ವೈಫೈ ರೌಟರುಗಳು ಅಗ್ಗವಾದವು. ಹಾಸ್ಟೆಲಿನ ಹುಡುಗನೊಬ್ಬ ಗೋಡೆಯ ಸಾಕೆಟ್ಟಿನ ವೈರನ್ನು ತನ್ನ ರೌಟರಿನ ತಪ್ಪು ತೂತಿಗೆ ಚುಚ್ಚಿದ ಎಂದರೆ ಅವನ ರೌಟರು ಇಡೀ ಮಹಡಿಗೆ ಐಪಿ ಹಂಚಲು ನಿಲ್ಲುತ್ತದೆ. ಹತ್ತಿರದಲ್ಲಿರುವುದರಿಂದ ಕಾಲೇಜಿನ ಸರ್ವರಿಗಿಂತ ಮೊದಲು ಅದೇ ಉತ್ತರ ಕೊಡುತ್ತದೆ. ಆ ವಿಳಾಸ ಹಿಡಿದವರಿಗೆ ಯಾರಿಗೂ ನೆಟ್ ಇಲ್ಲ.

ಫೋನಿನಲ್ಲೇ ಇದನ್ನು ಪತ್ತೆ ಹಚ್ಚುವ ಒಂದು ಉಪಾಯ ನಮ್ಮ ನಡುವೆ ಬೆಳೆಯಿತು.

"ಅಣ್ಣಾ, ಎರಡನೇ ಫ್ಲೋರಿಗೆ ನೆಟ್ ಬರ್ತಿಲ್ಲ."

"ಐಪಿ ಎಷ್ಟು ತೋರಿಸ್ತದೆ, ಓದು."

"ನೂರಾ ಅರವತ್ತೊಂಬತ್ತು..."

"ಸಾಕು."

169.254ರಿಂದ ಶುರುವಾದರೆ ಯಾವ ಸರ್ವರೂ ಉತ್ತರಿಸಲಿಲ್ಲ, ಕಂಪ್ಯೂಟರ್ ತನಗೆ ತಾನೇ ಒಂದು ಅಂಕಿ ಕೊಟ್ಟುಕೊಂಡಿದೆ ಎಂದರ್ಥ. ಕೇಬಲ್, ಸ್ವಿಚ್ಚು, ರಿಲೇ ನೋಡಬೇಕು. ಕಾಲೇಜಿನಲ್ಲಿ ಇಲ್ಲದ 192.168.0ರ ಸಾಲು ಬಂದರೆ ಯಾರೋ ರೌಟರ್ ಚುಚ್ಚಿದ್ದಾರೆ. ನಮ್ಮದೇ ಸಾಲು ಬಂದೂ ನೆಟ್ ಇಲ್ಲದಿದ್ದರೆ ತಪ್ಪು ಬೇರೆಲ್ಲೋ ಇದೆ. ಕಳ್ಳ ರೌಟರನ್ನು ಹಿಡಿಯುವುದಕ್ಕೆ ಅದರ ಹಾರ್ಡ್‌ವೇರ್ ವಿಳಾಸ ಸಾಕು. ಮೊದಲರ್ಧ ಯಾವ ಕಂಪನಿಯದು ಎಂದು ಹೇಳುತ್ತದೆ, ಸ್ವಿಚ್ಚಿನ ಪಟ್ಟಿ ಯಾವ ಪೋರ್ಟು ಎಂದು ಹೇಳುತ್ತದೆ. ಆ ಪೋರ್ಟು ಯಾವ ಕೊಠಡಿಗೆ ಹೋಗುತ್ತದೆ ಎಂದು ಹೇಳಬೇಕಾದದ್ದು ಮಾತ್ರ ಕೇಬಲ್ಲಿನ ತುದಿಗೆ ಕಟ್ಟಿದ ನಂಬರು. ನಂಬರ್ ಇದ್ದ ಕಡೆ ಐದು ನಿಮಿಷದ ಕೆಲಸ. ಇಲ್ಲದ ಕಡೆ ಒಂದೊಂದೇ ವೈರು ಕಿತ್ತು ಯಾವ ಕೊಠಡಿಯಿಂದ ಬೈಗುಳ ಬರುತ್ತದೆ ಎಂದು ಕಾಯಬೇಕು. ಈಗ ಡಿಎಚ್‌ಸಿಪಿ ಸ್ನೂಪಿಂಗ್ ಎಂಬ ಸೌಲಭ್ಯ ಆನ್ ಮಾಡಿದರೆ ಸ್ವಿಚ್ಚೇ ಇಂಥ ಉತ್ತರಗಳನ್ನು ತಡೆಯುತ್ತದೆ. ಆನ್ ಮಾಡುವವರು ಬೇಕು, ಅಷ್ಟೆ.

ಮೊಬೈಲುಗಳು ಬಂದ ಮೇಲೆ ತೊಂದರೆಯ ಸ್ವರೂಪವೇ ಬದಲಾಯಿತು. ಮೊದಲು ಒಬ್ಬರಿಗೆ ಒಂದು ವಿಳಾಸ ಸಾಕಿತ್ತು. ಆಮೇಲೆ ಒಬ್ಬನಿಗೆ ಮೊಬೈಲು, ಲ್ಯಾಪ್‌ಟಾಪು ಎರಡಕ್ಕೂ ಬೇಕು. ವಿಂಡೋಸ್ ಸರ್ವರಿನಲ್ಲಿ ಲೀಸ್ ಅವಧಿ ಮೊದಲಿನಿಂದ ಎಂಟು ದಿನ ಎಂದಿರುತ್ತದೆ. ಆಫೀಸಿನ ಕಂಪ್ಯೂಟರಿಗೆ ಅದು ಸರಿ. ಕ್ಯಾಂಟೀನಿನಲ್ಲಿ ಹತ್ತು ನಿಮಿಷ ಕೂತು ಎದ್ದುಹೋಗುವ ಮೊಬೈಲಿಗೂ ಎಂಟು ದಿನದ ವಿಳಾಸ ಕೊಟ್ಟರೆ ವಾರದ ನಡುವೆಯೇ ಪೂಲ್ ಖಾಲಿ. ಬುಧವಾರ ಮಧ್ಯಾಹ್ನ "ವೈಫೈ ಹಿಡಿತದೆ, ನೆಟ್ ಬರಲ್ಲ" ಎಂಬ ದೂರು ಬರತೊಡಗಿದರೆ ನಾವು ನೋಡುತ್ತಿದ್ದದ್ದು ಅದನ್ನೇ. ಲೀಸನ್ನು ಕೆಲವು ಗಂಟೆಗೆ ಇಳಿಸಿ, ಮಾಸ್ಕನ್ನು 255.255.252.0 ಮಾಡಿ 254ರ ಜಾಗದಲ್ಲಿ 1022 ವಿಳಾಸ ಮಾಡಿಕೊಂಡರೆ ಉಸಿರಾಡಬಹುದಿತ್ತು. ಇಂಥ ಮೊಬೈಲಿಗೆ ಇಂಥ ವಿಳಾಸ ಎಂದು ಹಾರ್ಡ್‌ವೇರ್ ವಿಳಾಸ ನೋಡಿ ಕಾಯ್ದಿರಿಸುವ ಅಭ್ಯಾಸ ನಮಗಿತ್ತು. 2020ರ ಹೊತ್ತಿಗೆ ಆಂಡ್ರಾಯ್ಡ್, ಐಫೋನ್ ಎರಡೂ ಖಾಸಗಿತನದ ದೃಷ್ಟಿಯಿಂದ ವೈಫೈಯಲ್ಲಿ ತಮ್ಮ ನಿಜವಾದ ಹಾರ್ಡ್‌ವೇರ್ ವಿಳಾಸ ತೋರಿಸುವುದನ್ನೇ ಬಿಟ್ಟವು. ಬಳಸುವವರಿಗೆ ಅದು ಒಳ್ಳೆಯದೇ. ನಮ್ಮ ಪಟ್ಟಿಗಳು ಮಾತ್ರ ರದ್ದಿಯಾದವು.

ಈಗಿನ ಹುಡುಗರು ಈ ಕೆಲಸವನ್ನು ಮೊಬೈಲಿನ ಆ್ಯಪಿನಲ್ಲಿ ಮಾಡುತ್ತಾರೆ. ಕಂಟ್ರೋಲರ್ ಕ್ಲೌಡಿನಲ್ಲಿರುತ್ತದೆ. ಹೊಸ ಸಬ್‌ನೆಟ್ ಬೇಕಾದರೆ ನಾಲ್ಕು ಕಡೆ ಒತ್ತಿದರೆ ವಿಎಲ್ಯಾನು, ಪೂಲು, ಗೇಟ್‌ವೇ ಎಲ್ಲ ಒಟ್ಟಿಗೆ ಹುಟ್ಟುತ್ತವೆ. ನಾವು ಅರ್ಧವಿರಾಮ ಎಣಿಸಿ ಬರೆಯುತ್ತಿದ್ದ ಐಎಸ್‌ಸಿಯ ಡಿಎಚ್‌ಸಿಪಿ ಸರ್ವರಿನ ನಿರ್ವಹಣೆಯನ್ನು ಆ ಸಂಸ್ಥೆ 2022ರ ಕೊನೆಗೆ ನಿಲ್ಲಿಸಿತು, ಅದರ ಜಾಗಕ್ಕೆ ಕೀಆ ಬಂದಿದೆ. ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿ ಸೇರಿ, 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣವೂ ಆಯಿತು. ಕ್ಯಾಮೆರಾ, ಹಾಜರಿ ಯಂತ್ರ, ಟಿವಿ ಪ್ರತಿಯೊಂದಕ್ಕೂ ಐಪಿ ಬೇಕಾದ ಊರು ಇದು ಈಗ. ಅತ್ತ ಭದ್ರಾವತಿಯಲ್ಲಿ ಎಂಪಿಎಂ ನಿಂತುಹೋಯಿತು. ವಿಐಎಸ್‌ಎಲ್ ಮುಚ್ಚುವ ಮಾತು 2023ರಲ್ಲಿ ಬಂದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂರಬೇಕಾಯಿತು. ತಂತಿಯ ಎರಡೂ ತುದಿಗೆ ನಂಬರ್ ಕಟ್ಟುತ್ತಿದ್ದ ಆ ಪೀಳಿಗೆ ಮನೆ ಸೇರಿದೆ.

ಹಳೆಯ ಕಾಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ವಿಂಡೋಸ್ 98ರ ಸಿಡಿ ಹಿಡಿದು ಮೂವತ್ತು ಕಂಪ್ಯೂಟರಿನ ಮುಂದೆ ಕೂರುವ ಕೆಲಸ ಯಾರಿಗೂ ಬೇಡ. ಆದರೆ ರಿಜಿಸ್ಟರ್ ಬರೆಯುವ ಕೆಲಸ ಯಂತ್ರಕ್ಕೆ ಹೋಯಿತು ಎಂದು ನಾವೆಲ್ಲ ಭಾವಿಸಿದ್ದರಲ್ಲಿ ತಪ್ಪಿದೆ. ಯಾವ ಕಂಪ್ಯೂಟರಿಗೆ ಯಾವ ವಿಳಾಸ ಎಂಬುದನ್ನು ಸರ್ವರ್ ಬರೆದುಕೊಳ್ಳುತ್ತದೆ. ಯಾವ ಸಬ್‌ನೆಟ್ ಯಾತಕ್ಕೆ, ರಿಲೇ ಯಾವ ಸ್ವಿಚ್ಚಿನಲ್ಲಿದೆ, ಯಾವ ಅಂಕಿಗಳನ್ನು ಯಾಕೆ ಬಿಟ್ಟಿದೆ ಎಂಬುದನ್ನು ಅದು ಬರೆಯುವುದಿಲ್ಲ. ಅದು ಮಾಡಿದವನ ತಲೆಯಲ್ಲಿರುತ್ತದೆ, ಅವನು ಬೆಂಗಳೂರಿಗೆ ಕೆಲಸ ಸಿಕ್ಕು ಹೋದ ದಿನ ಅವನ ಜೊತೆ ಬಸ್ಸು ಹತ್ತುತ್ತದೆ. ಅಂಥ ಕಚೇರಿಗಳಿಂದ ನನಗೆ ಈಗಲೂ ಫೋನು ಬರುತ್ತದೆ. ಪಾಸ್‌ವರ್ಡೂ ಇಲ್ಲ, ನಕ್ಷೆಯೂ ಇಲ್ಲ, ಎಲ್ಲವನ್ನೂ ಅಳಿಸಿ ಹೊಸದಾಗಿ ಮಾಡಿ ಎನ್ನುತ್ತಾರೆ.

ಆದ್ದರಿಂದ ಈ ಕಸುಬಿಗೆ ಹೊಸದಾಗಿ ಬರುತ್ತಿರುವವರಲ್ಲಿ, ಅವರಿಗೆ ಕೆಲಸ ಕೊಡುವ ಪ್ರಿನ್ಸಿಪಾಲರು, ಆಸ್ಪತ್ರೆಯ ಆಡಳಿತದವರು, ಕಚೇರಿಯ ಮುಖ್ಯಸ್ಥರಲ್ಲಿ ಒಂದು ಕೋರಿಕೆ. ಒಂದೇ ಒಂದು ಹಾಳೆ ಸಾಕು. ಅದರಲ್ಲಿ ಸಬ್‌ನೆಟ್ಟುಗಳ ಪಟ್ಟಿ, ಪ್ರತಿಯೊಂದರ ವಿಎಲ್ಯಾನ್ ಸಂಖ್ಯೆ, ಗೇಟ್‌ವೇ, ಪೂಲು ಎಲ್ಲಿಂದ ಎಲ್ಲಿಯವರೆಗೆ, ಸ್ಥಿರ ವಿಳಾಸದ ಪ್ರಿಂಟರುಗಳು, ಡಿಎಚ್‌ಸಿಪಿ ಸರ್ವರ್ ಎಲ್ಲಿದೆ, ರಿಲೇ ಎಲ್ಲೆಲ್ಲಿದೆ ಎಂದು ಬರೆದು, ಕೆಳಗೆ ತಾರೀಖು ಹಾಕಿ ರ‍್ಯಾಕಿನ ಬಾಗಿಲ ಒಳಬದಿಗೆ ಅಂಟಿಸಿ. ಬದಲಾಯಿಸಿದಾಗಲೆಲ್ಲ ತಿದ್ದಿ. ಕೆಲಸದ ಬಿಲ್ಲು ಪಾಸ್ ಮಾಡುವ ಮೊದಲು ಆ ಹಾಳೆ ಇದೆಯೇ ಎಂದು ಒಮ್ಮೆ ಬಾಗಿಲು ತೆರೆದು ನೋಡಿ.